ರಾಂಡಲ್ ಪಾರ್ಕ್ ಮಾಲ್

ರಾಂಡಲ್ ಪಾರ್ಕ್ ಮಾಲ್ ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ನಗರದ ಹೊರವಲಯದ ನಾರ್ತ್ ರಾಂಡಲ್ ಗ್ರಾಮದಲ್ಲಿದ್ದ ಬೃಹತ್ ವ್ಯಾಪಾರ ಸಂಕೀರ್ಣ. ಎಡ್ವರ್ಡ್ ಜೆ. ಡಿಬಾರ್ಟೊಲೊ ನಿರ್ಮಿಸಿದ ಇದು 1976ರಲ್ಲಿ ಆರಂಭವಾದಾಗ ಜಗತ್ತಿನ ಅತಿದೊಡ್ಡ ಮಾಲ್ ಎಂದು ಪ್ರಚಾರ ಪಡೆಯಿತು. ಸಂಕೀರ್ಣದ ವಿಸ್ತೀರ್ಣ 20 ಲಕ್ಷ ಚದರ ಅಡಿಗೂ ಹೆಚ್ಚು. ಗ್ರಾಮದ ಜನಸಂಖ್ಯೆಯಾದರೋ ಸಾವಿರದ ಆಸುಪಾಸು. ಗ್ರಾಮದ ಅಧಿಕೃತ ಲಾಂಛನದಲ್ಲಿಯೇ ಎರಡು ಖರೀದಿ ಚೀಲಗಳು ಸೇರಿದ್ದವೆಂಬುದು ಈ ಅವಲಂಬನೆಯ ಆಳವನ್ನು ತೋರಿಸುತ್ತದೆ.

ಸುತ್ತಲಿನ ಉಪನಗರಗಳ ಹೊಸ ಮಾಲ್‌ಗಳು ಗ್ರಾಹಕರನ್ನು ಸೆಳೆದುಕೊಂಡವು. 2001ರಲ್ಲಿ ಜೆಸಿ ಪೆನ್ನಿ, ಮರುವರ್ಷ ಡಿಲ್ಲಾರ್ಡ್ಸ್, 2008ರಲ್ಲಿ ಮೇಸೀಸ್ ಮಳಿಗೆಗಳು ಮುಚ್ಚಿದವು. ದೊಡ್ಡ ಮಳಿಗೆಗಳಿಗೆ ಬರುವವರನ್ನೇ ನಂಬಿದ್ದ ಸಣ್ಣ ಅಂಗಡಿಗಳು ಉಳಿಯುವಂತಿರಲಿಲ್ಲ. 2009ರಲ್ಲಿ ಮಾಲ್ ಮುಚ್ಚಿತು. 2014ರ ಕೊನೆಯಲ್ಲಿ ಕೆಡಹುವ ಕಾರ್ಯ ಆರಂಭವಾಯಿತು. ಆ ನಿವೇಶನದಲ್ಲಿ 2018ರಿಂದ ಅಮೆಜಾನ್ ಕಂಪನಿಯ ಸರಕು ರವಾನೆ ಕೇಂದ್ರವಿದೆ.