ಕಳೆದುಹೋದ ನ್ಯಾಯಾಲಯ ದಾಖಲೆಗಳು ಮತ್ತು ಹಳೆಯ ಪತ್ರಿಕೆಗಳ ಕಾನೂನು ಪ್ರಕಟಣೆಗಳು

ಪೌತಿ ಖಾತೆ, ವಿಭಾಗ, ಹಕ್ಕು ಬದಲಾವಣೆ ಮುಂತಾದವುಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಹಲವು ದಶಕಗಳ ಹಿಂದಿನ ಸಿವಿಲ್ ನ್ಯಾಯಾಲಯದ ಡಿಕ್ರಿಯನ್ನಾಗಲಿ, ಹರಾಜಿನ ಮಾರಾಟ ಪ್ರಮಾಣಪತ್ರವನ್ನಾಗಲಿ ಹಾಜರುಪಡಿಸಬೇಕಾಗುವುದುಂಟು. ಮೂಲ ಕಡತವು ಬೆಂಕಿ, ನೀರು ಅಥವಾ ಗೆದ್ದಲಿನಿಂದ ನಾಶವಾಗಿರಬಹುದು. 1917ರ ದಾಖಲೆಗಳ ನಾಶ ಅಧಿನಿಯಮದಡಿ ಅವಧಿ ಮುಗಿದ ಕಾಗದಪತ್ರಗಳೊಡನೆ ವಿಲೇವಾರಿಯೂ ಆಗಿರಬಹುದು. ಇಂತಹ ಸಂದರ್ಭದಲ್ಲಿ ಅಂದಿನ ದಿನಪತ್ರಿಕೆಗಳಲ್ಲಿ ಹಾಗೂ ರಾಜ್ಯಪತ್ರದಲ್ಲಿ ಅಚ್ಚಾದ ನ್ಯಾಯಾಲಯ ಪ್ರಕಟಣೆಗಳು ಉಪಯುಕ್ತ.

ಮೊದಲು ಸಂಬಂಧಪಟ್ಟ ನ್ಯಾಯಾಲಯದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸಿ, ದಾಖಲೆ ಲಭ್ಯವಿಲ್ಲವೆಂಬ ಹಿಂಬರಹವನ್ನು ಲಿಖಿತವಾಗಿ ಪಡೆಯತಕ್ಕದ್ದು. ಮೂಲ ದಾಖಲೆ ನಾಶವಾಗಿದೆ ಅಥವಾ ಕಳೆದುಹೋಗಿದೆ ಎಂದು ತೋರಿಸಿದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 60ನೇ ಪ್ರಕರಣದನ್ವಯ ದ್ವಿತೀಯಕ ಸಾಕ್ಷ್ಯಕ್ಕೆ ಅವಕಾಶವಿರುತ್ತದೆ. ಬಾಯಿಮಾತಿನ ಉತ್ತರ ಸಾಲದು.

ಪ್ರಕಟಣೆಯಲ್ಲಿ ಸಾಮಾನ್ಯವಾಗಿ ನ್ಯಾಯಾಲಯದ ಹೆಸರು, ಅಸಲು ದಾವೆ ಸಂಖ್ಯೆ, ಪಕ್ಷಕಾರರ ಹೆಸರು ಮತ್ತು ಮುಂದಿನ ದಿನಾಂಕ ಇರುತ್ತವೆ. ಹರಾಜು ಪ್ರಕಟಣೆಯಾಗಿದ್ದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿಯೂ ಸಿಗಬಹುದು. ಆದರೆ ದಾವೆ ಹೂಡಲಾಗಿತ್ತು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ದಾವೆ ಏನಾಯಿತೆಂಬುದು ತಿಳಿಯುವುದಿಲ್ಲ. ಪತ್ರಿಕೆಯ ತುಣುಕನ್ನೇ ಡಿಕ್ರಿ ಎಂದು ಲಗತ್ತಿಸಿ ಬರುವ ಅರ್ಜಿಗಳು ಇದೇ ಕಾರಣದಿಂದ ನಿಲ್ಲುವುದಿಲ್ಲ. ಪತ್ರಿಕೆಯ ನೈಜತೆಯನ್ನು ನ್ಯಾಯಾಲಯವು 80ನೇ ಪ್ರಕರಣದನ್ವಯ ಭಾವಿಸಿಕೊಳ್ಳತಕ್ಕದ್ದಾದರೂ ಅದರೊಳಗಿನ ಸಂಗತಿಯ ರುಜುವಾತು ಬೇರೆಯೇ ವಿಷಯ. ಪತ್ರಿಕಾ ವರದಿಯು ಕೇಳಿಕೆಯ ಸಾಕ್ಷ್ಯವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಹೇಳಿದೆ.

ಪ್ರಕಟಣೆಯ ನಿಜವಾದ ಬೆಲೆ ಅದು ತೋರಿಸುವ ದಾರಿಯಲ್ಲಿದೆ. ನೋಂದಣಿ ಅಧಿನಿಯಮ, 1908ರ 89ನೇ ಪ್ರಕರಣದಂತೆ, ಸ್ಥಿರಾಸ್ತಿಯನ್ನು ಹರಾಜು ಮಾಡಿ ಮಾರಾಟ ಪ್ರಮಾಣಪತ್ರ ನೀಡಿದ ನ್ಯಾಯಾಲಯವು ಅದರ ಪ್ರತಿಯನ್ನು ನೋಂದಣಾಧಿಕಾರಿಗೆ ಕಳುಹಿಸಬೇಕು. ಅವರು ಅದನ್ನು ಒಂದನೇ ಪುಸ್ತಕದಲ್ಲಿ ಸೇರಿಸಬೇಕು. ಆದುದರಿಂದ ಹರಾಜಿನ ದಿನಾಂಕ ತಿಳಿದರೆ, ಅಲ್ಲಿಂದ ಮುಂದಿನ ಒಂದೆರಡು ವರ್ಷಗಳ ಸೂಚಿಕೆಯನ್ನು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಶೋಧಿಸಿ ದೃಢೀಕೃತ ನಕಲು ಕೋರಬಹುದು. ಕಡತ ಸುಟ್ಟುಹೋಗಿದ್ದರೂ ಈ ಪ್ರತಿ ಉಳಿದಿರುವ ಸಂಭವ ಹೆಚ್ಚು. ದಾವೆ ಸಂಖ್ಯೆ ದೊರೆತಲ್ಲಿ ಗ್ರಾಮದ ಹಕ್ಕು ಬದಲಾವಣೆ ವಹಿಯನ್ನೂ, ಮೇಲ್ಮನವಿ ಆಗಿದ್ದರೆ ಮೇಲ್ಮನವಿ ನ್ಯಾಯಾಲಯದ ಕಡತವನ್ನೂ ನೋಡತಕ್ಕದ್ದು.

ಯಾವ ಪತ್ರಿಕೆಯಲ್ಲಿ ಹುಡುಕಬೇಕೆಂಬುದರಲ್ಲಿ ಅರ್ಜಿದಾರರು ಸಾಮಾನ್ಯವಾಗಿ ಎಡವುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮಕ್ಕೆ 1976ರಲ್ಲಿ ಸೇರಿಸಿದ ಉಪನಿಯಮದಂತೆ, ಸಮನ್ಸಿನ ಜಾಹೀರಾತು ಪ್ರತಿವಾದಿಯು ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಪ್ರಸಾರವುಳ್ಳ ದಿನಪತ್ರಿಕೆಯಲ್ಲಿ ಬರಬೇಕು. ಜಮೀನು ಶಿವಮೊಗ್ಗದಲ್ಲಿದ್ದು ಪ್ರತಿವಾದಿ ಮುಂಬಯಿಗೆ ಹೋಗಿದ್ದರೆ ಮುಂಬಯಿಯ ಪತ್ರಿಕೆಯನ್ನೇ ನೋಡಬೇಕಾದೀತು. 1956ಕ್ಕೆ ಮುಂಚಿನ ದಾವೆಗಳಿಗೆ ಅಂದಿನ ಆಡಳಿತವೂ ಮುಖ್ಯ: ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಕಲಬುರಗಿಯ ಹಳೆಯ ಕಾಗದಗಳು ಬಹುಮಟ್ಟಿಗೆ ಉರ್ದುವಿನಲ್ಲಿವೆ. ಸಮನ್ಸು ಕೈಗೇ ಜಾರಿಯಾಗಿದ್ದಲ್ಲಿ ಜಾಹೀರಾತು ಇರುವುದೇ ಇಲ್ಲ; ಸಿಗಲಿಲ್ಲವೆಂದ ಮಾತ್ರಕ್ಕೆ ದಾವೆಯೇ ಇರಲಿಲ್ಲವೆಂದು ತಿಳಿಯಬಾರದು.

ಅಮೆರಿಕದ ಷಿಕಾಗೊದಲ್ಲಿ 1871ರ ಬೆಂಕಿಗೆ ಕುಕ್ ಕೌಂಟಿಯ ನ್ಯಾಯಾಲಯ ದಾಖಲೆಗಳು ಆಹುತಿಯಾದಾಗ, ಮರುವರ್ಷವೇ ಇಲಿನಾಯ್ ಶಾಸನಸಭೆ ಸುಟ್ಟ ದಾಖಲೆಗಳ ಕುರಿತಾಗಿಯೇ ಕಾಯಿದೆ ಮಾಡಿತು. ಇಲ್ಲಿ ಕಡತದ ಪುನರ್ರಚನೆಯನ್ನು ಸಂಹಿತೆಯ 151ನೇ ಪ್ರಕರಣದಡಿ ಆಯಾ ನ್ಯಾಯಾಲಯದಲ್ಲಿಯೇ ಕೋರಬೇಕಾಗುತ್ತದೆ.

ಪತ್ರಿಕೆಯ ನಕಲು ತೆಗೆಯುವಾಗ ಪ್ರಕಟಣೆಯನ್ನು ಮಾತ್ರ ಕತ್ತರಿಸದೆ, ಪತ್ರಿಕೆಯ ಹೆಸರು, ದಿನಾಂಕ ಮತ್ತು ಪುಟಸಂಖ್ಯೆ ಕಾಣುವಂತೆ ಇಡೀ ಪುಟದ ಪ್ರತಿ ಪಡೆದು, ಸಂಗ್ರಹವಿರುವ ಗ್ರಂಥಾಲಯ ಅಥವಾ ಪತ್ರಿಕಾ ಕಚೇರಿಯ ಮೊಹರು ಹಾಕಿಸಿಕೊಳ್ಳುವುದು. ಇದನ್ನು ಹಿಂಬರಹ ಹಾಗೂ ನೋಂದಣಿ ಕಚೇರಿಯ ನಕಲಿನೊಂದಿಗೆ ಅರ್ಜಿಗೆ ಲಗತ್ತಿಸುವುದು.