ಇಮಾಮ್ ಅಹ್ಮದರೂ ಬಾಗ್ದಾದಿನ ಖಲೀಫರೂ

ದೇವರಿಗೂ ಪ್ರವಾದಿಗೂ ಅಧಿಕಾರಸ್ಥರಿಗೂ ವಿಧೇಯರಾಗಿರಬೇಕೆಂಬುದು ಕುರಾನಿನ 4ನೆಯ ಅಧ್ಯಾಯದ 59ನೆಯ ವಾಕ್ಯದ ತಾತ್ಪರ್ಯ. ವ್ಯಾಕರಣಬಲ್ಲ ವ್ಯಾಖ್ಯಾನಕಾರರು ಅಲ್ಲೊಂದು ಸೂಕ್ಷ್ಮವನ್ನು ಕಂಡರು. ವಿಧ್ಯರ್ಥದ ಕ್ರಿಯಾಪದವು ದೇವರಿಗೊಮ್ಮೆ, ಪ್ರವಾದಿಗೊಮ್ಮೆ ಬಂದಿದೆ; ಅಧಿಕಾರಸ್ಥರಿಗೆ ಪ್ರತ್ಯೇಕವಾಗಿ ಬಂದಿಲ್ಲ. ಆದುದರಿಂದ ಅರಸನ ಆಜ್ಞೆಯು ಧರ್ಮಕ್ಕೆ ಅಧೀನವೆಂದು ಅವರು ಅರ್ಥಮಾಡಿದರು.

ಅರಸನೇ ಧರ್ಮವಿಷಯದಲ್ಲಿ ಆಜ್ಞೆಯಿತ್ತರೆ? 833ರಲ್ಲಿ ಬಾಗ್ದಾದಿನ ಖಲೀಫ ಮಾಮೂನನು, ಕುರಾನು ಸೃಷ್ಟಿಸಲ್ಪಟ್ಟುದೆಂಬ ಮತವನ್ನು ವಿದ್ವಾಂಸರು ಒಪ್ಪಬೇಕೆಂದು ವಿಧಿಸಿದನು. ಬಹುಮಂದಿ ಅಂಜಿ ಒಪ್ಪಿದರು. ಇಮಾಮ್ ಅಹ್ಮದ್ ಬಿನ್ ಹಂಬಲರು ಒಪ್ಪಲಿಲ್ಲ. ಕುರಾನಿನಿಂದಾಗಲಿ ಪ್ರವಾದಿಯ ನಡೆನುಡಿಗಳಿಂದಾಗಲಿ ಆಧಾರ ತೋರಿಸಬೇಕೆಂಬುದಷ್ಟೇ ಅವರ ಉತ್ತರ. ಮಾಮೂನನು ಅದೇ ವರ್ಷ ತೀರಿಕೊಂಡನು. ಅವನ ತಮ್ಮ ಮುಅತಸಿಮನು ಇಮಾಮರನ್ನು ಸೆರೆಯಿಂದ ಕರೆತರಿಸಿ ಚಾವಟಿಯಿಂದ ಹೊಡೆಸಿದನು.

ಇಷ್ಟಾದ ಮೇಲೆ ಅವರು ದಂಗೆಗೆ ಕರೆಕೊಟ್ಟಿರಬೇಕೆಂದು ವಾಚಕರು ಊಹಿಸಬಹುದು. ನಡೆದುದು ಬೇರೆ. ಮುಂದಿನ ಖಲೀಫ ವಾಸಿಕನ ಆಳ್ವಿಕೆಯಲ್ಲಿ (842–847) ನಗರದ ಕೆಲವು ಧರ್ಮಶಾಸ್ತ್ರಜ್ಞರು ಬಂದು, ಇಂಥವನ ಅಧಿಕಾರವನ್ನು ತಾವು ಮನ್ನಿಸಲಾರೆವೆಂದರು. ಮನಸ್ಸಿನಲ್ಲಿ ಖಂಡಿಸಿರಿ, ಆದರೆ ವಿಧೇಯತೆಯನ್ನು ಬಿಡಬೇಡಿರಿ, ನಿಮ್ಮ ರಕ್ತವನ್ನೂ ಇತರರ ರಕ್ತವನ್ನೂ ಚೆಲ್ಲಬೇಡಿರಿ ಎಂಬ ಅಭಿಪ್ರಾಯವನ್ನೇ ಇಮಾಮರು ತಿಳಿಸಿದರು. ಚಾವಟಿಯ ಪೆಟ್ಟು ತಿಂದವರ ಮಾತಿದು! ಇದನ್ನು ಅಂಜಿಕೆಯೆನ್ನಲು ನನಗಂತೂ ಮನಸ್ಸು ಬಾರದು.

ಅದೇ ಮತಭೇದದಲ್ಲಿ ಖಲೀಫನನ್ನು ವಿರೋಧಿಸಿ ದಂಗೆಗೆ ಸಿದ್ಧರಾಗಿದ್ದ ಅಹ್ಮದ್ ಬಿನ್ ನಸ್ರರು 846ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ದಂಗೆಯನ್ನು ಒಲ್ಲದ ಇಮಾಮರು, ಪ್ರಾಣವನ್ನೇ ಇತ್ತ ಆ ಮನುಷ್ಯನಿಗೆ ಮಾತ್ರ ದೇವರ ದಯೆಯನ್ನು ಬೇಡಿದರೆಂದು ಚರಿತ್ರಕಾರರು ಬರೆದಿದ್ದಾರೆ.