ಹಗ್ಗ ಯಾರ ಕೈಯಲ್ಲಿತ್ತು?

ನಮ್ಮಜ್ಜ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದು ಟವೆಲ್ಲಿನ ಮರೆಯಲ್ಲಿ. ಸುಳಿ ನೋಡಿ, ಹಲ್ಲು ಎಣಿಸಿ, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ದುಡ್ಡು ಎಣಿಸಿ ಕೊಟ್ಟರೆ ಹಗ್ಗ ಕೈಗೆ ಬರುತ್ತಿತ್ತು. ರಸೀದಿಯ ಮಾತೇ ಇರಲಿಲ್ಲ. ವಸಾಹತು ಕಾಲದ ಕಾನೂನನ್ನು ಓದುವ ನನಗೆ ಈಗ ಒಂದು ಪ್ರಶ್ನೆ ಕಾಡುತ್ತದೆ: ಆ ಎತ್ತು ಕದ್ದ ಮಾಲಾಗಿದ್ದರೆ?

1860ರ ಭಾರತೀಯ ದಂಡ ಸಂಹಿತೆಯ 378ನೇ ಕಲಂ ಕಳ್ಳತನ ಎಂದರೇನು ಎಂದು ಹೇಳುತ್ತದೆ. ಅದು ಮೊದಲು ನೋಡುವುದು ವಸ್ತು ಯಾರ ಸ್ವಾಧೀನದಲ್ಲಿತ್ತು ಎಂಬುದನ್ನು. ಯಾರ ಒಡೆತನದ್ದು ಎಂಬುದನ್ನಲ್ಲ. ಅಡವಿಟ್ಟ ತನ್ನದೇ ಗಡಿಯಾರವನ್ನು ಸಾಲ ತೀರಿಸದೆ, ಕೇಳದೆ ಅಪ್ರಾಮಾಣಿಕವಾಗಿ ಒಯ್ದವನೂ ಕಳ್ಳನೇ ಎನ್ನುತ್ತದೆ ಅಲ್ಲಿನ ಒಂದು ದೃಷ್ಟಾಂತ. ಇನ್ನೊಂದರಲ್ಲಿ ನಿಧಿಯ ಪೆಟ್ಟಿಗೆ ಹೊತ್ತ ಎತ್ತು ಬರುತ್ತದೆ. ನಿಧಿಯ ಆಸೆಗೆ ಒಬ್ಬ ಅದನ್ನು ಬೇರೆ ದಿಕ್ಕಿಗೆ ಅಟ್ಟುತ್ತಾನೆ. ಎತ್ತು ಹೆಜ್ಜೆ ಕಿತ್ತಿಟ್ಟ ಕ್ಷಣಕ್ಕೇ ನಿಧಿಯ ಕಳವು ಪೂರ್ತಿಯಾಯಿತು. ಅವನು ಪೆಟ್ಟಿಗೆಯನ್ನು ಮುಟ್ಟಬೇಕಾಗಿಯೂ ಇಲ್ಲ. 27ನೇ ಕಲಂ ಪ್ರಕಾರ, ಯಜಮಾನನ ಪರವಾಗಿ ಆಳಿನ ವಶದಲ್ಲಿರುವುದು ಯಜಮಾನನ ಸ್ವಾಧೀನದಲ್ಲೇ ಇದ್ದಂತೆ. ಹಾಗಾಗಿ ದನ ಕಾಯುವ ಹುಡುಗ ಹಗ್ಗ ಹಿಡಿದಿದ್ದರೂ ಕಾನೂನಿನ ಕಣ್ಣಿಗೆ ಅದನ್ನು ಹಿಡಿದಿರುವವನು ಗೌಡನೇ.

ಇಲ್ಲಿಯವರೆಗೆ ಸ್ವಾಧೀನ ಎಂಬುದು ದನ ಕಳೆದುಕೊಂಡವನಿಗೆ ರಕ್ಷಣೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಪದ ದನ ಸಿಕ್ಕವನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಕಳವಾದ ಸ್ವಲ್ಪ ಸಮಯದಲ್ಲೇ ಮಾಲು ಯಾರ ಬಳಿ ಸಿಗುತ್ತದೋ, ಅವನು ವಿವರಣೆ ಕೊಡದಿದ್ದರೆ, ಅವನೇ ಕಳ್ಳ ಅಥವಾ ಕದ್ದದ್ದೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಊಹಿಸಬಹುದು ಎನ್ನುತ್ತದೆ 114ನೇ ಕಲಂ. ಊಹಿಸಲೇಬೇಕು ಎಂದಿಲ್ಲ. ಅದೇ ಕಲಮಿನಲ್ಲಿ ಒಬ್ಬ ಅಂಗಡಿಯವನೂ ಇದ್ದಾನೆ. ಅವನ ಗಲ್ಲಾಪೆಟ್ಟಿಗೆಯಲ್ಲಿ ಕದ್ದ, ಗುರುತಿನ ರೂಪಾಯಿ ಸಿಗುತ್ತದೆ. ದಿನವಿಡೀ ರೂಪಾಯಿಗಳು ಬರುವ ವ್ಯಾಪಾರವಾದ್ದರಿಂದ, ಇದು ಎಲ್ಲಿಂದ ಬಂತೆಂದು ಅವನು ಹೇಳಲಾಗದಿದ್ದರೆ ಅದನ್ನೂ ಗಮನಿಸಬೇಕು ಎನ್ನುತ್ತದೆ ಕಾನೂನು.

ವರ್ಷಗಳಿಗೊಮ್ಮೆ ಒಂದು ಜೋಡಿ ಕೊಳ್ಳುವ ರೈತನಿಗೆ ಆ ಅಂಗಡಿಯವನ ಸಮಾಧಾನ ದಕ್ಕುವುದಿಲ್ಲ. ಅವನು ವಿವರಣೆ ಕೊಡಬಲ್ಲ. ಆದರೆ ಅವನ ವಿವರಣೆಯೆಂದರೆ ಒಂದು ಜಾತ್ರೆ, ಒಬ್ಬ ದಲ್ಲಾಳಿ, ಟವೆಲ್ಲಿನ ಕೆಳಗೆ ಹಿಡಿದ ಬೆರಳು. ಬೇರೆಯವರಿಗೆ ಬೆಲೆ ತಿಳಿಯದಿರಲೆಂದೇ ಹಾಕಿದ ಮರೆ ಅದು. ನಂಬಿಕೆಯಿಂದ ನಡೆದ ಆ ವ್ಯವಹಾರವೇ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಆ ಎತ್ತು, ಆ ಅಂಗಡಿಯವನು ಹಾಗೆಯೇ ಉಳಿದಿದ್ದಾರೆ. ಅವರ ನಡುವೆ ಹಗ್ಗ ಹಿಡಿದು ಮನೆಗೆ ನಡೆಯುವ ನಮ್ಮಜ್ಜನಂಥವರಿಗೆ ಒಂದು ದೃಷ್ಟಾಂತ ಮಾತ್ರ ಇನ್ನೂ ಬಂದಿಲ್ಲ.